ಹೆಸರಿನ ಬಾಲ

ಪ್ಲುಂಗೆ, ಲಿಥುವೇನಿಯಾ
ಏಪ್ರಿಲ್ 17, 2005

ವಿಲಿ,

ನಿನ್ನ ಪಾರ್ಸೆಲ್ ಬಂತು. ಕಾಫಿಪುಡಿ, ಉಣ್ಣೆಯ ಕಾಲುಚೀಲ ಎಲ್ಲಾ ಸರಿಯಾಗಿವೆ. ಸರಿಯಿಲ್ಲದ್ದು ಪೆಟ್ಟಿಗೆಯ ಮೇಲೆ ಕಳಿಸಿದವರ ಹೆಸರು ಬರೆಯುವ ಜಾಗದಲ್ಲಿದ್ದದ್ದು. ವಿಲಿಯಾ ನೋರ್ಕೆ ಅಂತೆ. ಯಾರೇ ಅವಳು? ನಾನು ಹೆತ್ತದ್ದು ವಿಲಿಯಾ ನೋರ್ಕುತೆಯನ್ನು.

ಈಸ್ಟರಿಗೆ ಬಂದು ಮೂರು ದಿನ ನನ್ನ ಮನೆಯಲ್ಲಿ ಬಣ್ಣದ ಮೊಟ್ಟೆ ತಿಂದು ಹೋದೆ. ಹೆಸರು ಬದಲಾಯಿಸಿಕೊಂಡಿದ್ದೇನೆ ಎಂದು ಒಂದು ಮಾತು ಹೇಳಲು ನಿನಗೆ ಬಾಯಿ ಬರಲಿಲ್ಲ. ನನಗೆ ಅದನ್ನು ಹೇಳಿದ್ದು ರಟ್ಟಿನ ಪೆಟ್ಟಿಗೆ. ಅದೂ ನನಗಿಂತ ಮೊದಲು ಪೆತ್ರೊನೆಲೆಗೆ. ಎದುರು ಬಾಗಿಲಿನ ಪೆತ್ರೊನೆಲೆ, ಗಂಡ ಸತ್ತವಳು, ನಿನಗೆ ಹೊಗೆ ಹಾಕಿದ ಮೀನು ಕಟ್ಟಿಕೊಟ್ಟಳಲ್ಲ, ಅವಳೇ. ನಾನು ಅಂಗಡಿಗೆ ಹೋಗಿದ್ದಾಗ ಪಾರ್ಸೆಲ್ ಇಸಿದುಕೊಂಡಿದ್ದಳು. ಮೆಟ್ಟಿಲ ಮೇಲೆಯೇ ಹಿಡಿದಳು.

“ಏನೇ ಸ್ಟೆಫಾನಿಯಾ, ಮಗಳ ಮದುವೆ ಗುಟ್ಟಾಗಿ ಮುಗಿಸಿಬಿಟ್ಯಾ? ನಮಗೊಂದು ತುಂಡು ಕೇಕೂ ಇಲ್ಲ!”

“ಮದುವೆ ಎಲ್ಲಿಂದ ಬಂತು?” ಎಂದೆ.

“ಮತ್ತೆ ಇದೇನಿದು? ಮದುವೆಯಾಗಿದ್ರೆ ಗಂಡನ ಹೆಸರಿಗೆ ‘ಯೆನೆ’ ಸೇರ್ಬೇಕು. ಆಗದಿದ್ರೆ ಅಪ್ಪನ ಹೆಸರಿಗೆ ‘ತೆ’ ಇರ್ಬೇಕು. ಇದು ಹೆಣ್ಣೋ ಗಂಡೋ ಗೊತ್ತಾಗದ ಹೆಸರು. ಬಾಲ ಕತ್ತರಿಸಿದ ಬೆಕ್ಕಿನ ಥರ ಇದೆಯಲ್ಲೇ!”

ಅವಳು ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮೈ ಉರಿಯಿತು. ಹೊಸ ಕಾನೂನು ಬಂದಿದೆ, ಬೇಕಾದವರು ಬಾಲ ಗಿಡ್ಡ ಮಾಡಿಕೊಳ್ಳಬಹುದು ಎಂದು ಪತ್ರಿಕೆಯಲ್ಲಿ ಓದಿದ್ದೆ. ರಾಜಧಾನಿಯ ನಟಿಯರು ಮಾಡಿಕೊಳ್ಳಲಿ. ನಿನಗೇನು ಬಂದಿತ್ತು? ನಿನ್ನ ‘ತೆ’ಯಲ್ಲಿ ಏನು ತಪ್ಪಿತ್ತು? ಇಂಥವರ ಮಗಳು ಎಂದು ಹೇಳುವ ಬಾಲ ಅದು. ಅಷ್ಟಾದರೂ ಇರಲಿ ಎಂದು ನಾನು ಎಷ್ಟು ಪಾಡುಪಟ್ಟೆ ಎಂದು ನಿನಗೆ ಗೊತ್ತಿಲ್ಲ.

ಇನ್ನೊಂದು. ಪೆಟ್ಟಿಗೆಯಲ್ಲಿ ನನ್ನ ಹೆಸರಿನ ಕೊನೆಯ ಮೇಲೆ ಅಂಚೆಯ ಮುದ್ರೆ ಬಿದ್ದಿತ್ತು, ಬದುಕಿದೆ. ಇನ್ನು ಮೇಲೆ ಲಕೋಟೆಯ ಮೇಲೆ ನನ್ನ ಹೆಸರು ಪೂರ್ತಿ ಬರೆಯಬೇಡ. ‘ಸ್ಟೆ. ನೋರ್ಕ್.’ ಎಂದು ಬರೆದು ಚುಕ್ಕಿ ಇಟ್ಟರೆ ಸಾಕು. ಯಾಕೆ ಎಂದು ಕೇಳಬೇಡ.

ಕಾಲುಚೀಲ ಬೆಚ್ಚಗಿವೆ.

ಅಮ್ಮ


ಉಪ್ಸಾಲಾ, ಸ್ವೀಡನ್
ಮೇ 29, 2005

ಪ್ರೀತಿಯ ಅಮ್ಮ,

ಬೈದದ್ದು ಸರಿ. ಎದುರಿಗೆ ಹೇಳಬೇಕಿತ್ತು. ಮೂರು ದಿನವೂ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನೀನು ಎದುರು ಕೂತು ಮೊಟ್ಟೆ ಸುಲಿಯುತ್ತಿದ್ದರೆ ಬಾಯಿ ಕಟ್ಟಿಹೋಗುತ್ತಿತ್ತು. ಮೂವತ್ತೇಳು ವರ್ಷದ ಹೆಂಗಸು, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವಳು, ಅಮ್ಮನ ಮುಂದೆ ಹೀಗೆ.

ಆದರೆ ಯಾಕೆ ಬದಲಾಯಿಸಿದೆ ಎಂಬುದನ್ನು ಕೇಳು. ಆರು ವರ್ಷದಿಂದ ನನ್ನ ಕೆಲಸವೇ ಈ ಬಾಲಗಳು. ನಮ್ಮ ‘ತೆ’ ಎಂದರೆ ಮೂಲದಲ್ಲಿ ಮರಿ, ಸಂತಾನ ಎಂಬಂಥ ಅರ್ಥ. ಐಸ್‌ಲ್ಯಾಂಡಿನವರು ಅಪ್ಪನ ಹೆಸರಿಗೆ ಈಗಲೂ ‘ದೋತ್ತಿರ್’ ಸೇರಿಸುತ್ತಾರೆ, ಮಗಳು ಎಂದೇ ಅದರ ಅರ್ಥ. ಇಲ್ಲಿನ ಚರ್ಚಿನ ಹಿಂದಿನ ಹಳೆಯ ಗೋರಿಕಲ್ಲುಗಳ ಮೇಲೂ ‘ದೋತ್ತೆರ್’ ಎಂದು ಮುಗಿಯುವ ಹೆಂಗಸರೇ. ‘ಯೆನೆ’ಯ ದಾರಿ ಬೇರೆ. ಅದು ‘ಇಂಥವನಿಗೆ ಸೇರಿದ್ದು’. ಪೋಲೆಂಡಿನಲ್ಲಿ ಹಿಂದೆ ಹೆಂಡತಿಗೆ ‘ಓವಾ’, ಮಗಳಿಗೆ ‘ಉವ್ನಾ’. ಜೆಕ್ ಜನರು ಇಬ್ಬರಿಗೂ ‘ಓವಾ’ ಅಂಟಿಸಿ ಕೈತೊಳೆದುಕೊಂಡಿದ್ದಾರೆ. ಜರ್ಮನಿಯಲ್ಲಿ ಹಿಂದೆ ‘ಇನ್’ ಇತ್ತು. ನನ್ನ ಮನೆಯೊಡತಿಯ ತಾಯಿಯನ್ನು ಈ ಬೀದಿಯ ಮುದುಕರು ಇಂದಿಗೂ ‘ದೊಕ್ತೊರ್ಸ್ಕಾ’, ಅಂದರೆ ಡಾಕ್ಟರಮ್ಮ, ಎನ್ನುತ್ತಾರೆ. ಅವಳು ಒಂದು ಗುಳಿಗೆಯನ್ನೂ ಯಾರಿಗೂ ಕೊಟ್ಟವಳಲ್ಲ, ಗಂಡ ಡಾಕ್ಟರಾಗಿದ್ದ ಅಷ್ಟೇ.

ಗಂಡಸಿಗೆ ಮಾತ್ರ ಎಲ್ಲೂ ಇದರ ಕಾಟವಿಲ್ಲ. ನೋರ್ಕುಸ್ ಹುಟ್ಟಿದಾಗಲೂ ನೋರ್ಕುಸ್, ಮದುವೆಯಾದರೂ ನೋರ್ಕುಸ್, ಗುಂಡಿಗೆ ಇಳಿಸುವಾಗಲೂ ನೋರ್ಕುಸ್. ನಾನು ಅಲ್ಲಿಗೆ ಬಂದಾಗ ಬ್ಯಾಂಕಿನಲ್ಲಿ ಹೆಸರು ಹೇಳಿದರೆ ಕಿಟಕಿಯಾಚೆಯ ಹುಡುಗಿಗೆ ಈ ವಯಸ್ಸಿನಲ್ಲೂ ಯಾರೂ ಇವಳನ್ನು ಕಟ್ಟಿಕೊಂಡಿಲ್ಲ ಎಂದು ಗೊತ್ತಾಗಬೇಕೇ? ಅದಕ್ಕೇ ತೆಗೆದುಹಾಕಿದೆ. ನಿನ್ನನ್ನು ತೆಗೆದುಹಾಕಿಲ್ಲ ಅಮ್ಮ, ‘ನೋರ್ಕ್’ ಹಾಗೇ ಇದೆ.

ಈಸ್ಟರ್ ಮುಗಿಸಿಕೊಂಡು ವಾಪಸು ಬರುವಾಗ ವಿಲ್ನಿಯಸ್ಸಿನಲ್ಲಿ ರೇಡಿಯೋದವರು ಈ ವಿಷಯದ ಮೇಲೆ ನನ್ನನ್ನು ಮಾತಾಡಿಸಿದರು. ಜೂನ್ ಕೊನೆಯ ಭಾನುವಾರ ಬೆಳಿಗ್ಗೆ, ಪೂಜೆ ಮುಗಿಯುವ ಹೊತ್ತಿಗೆ ಬರುತ್ತದಂತೆ. ನಿನ್ನ ಬಗ್ಗೆಯೂ ಒಂದು ಮಾತು ಬಂದಿದೆ. ಕೋಪ ಮಾಡಿಕೊಳ್ಳಬೇಡ, ಗೌರವದಿಂದಲೇ ಹೇಳಿದ್ದೇನೆ.

ನಿನ್ನ
ವಿಲಿ


ಪ್ಲುಂಗೆ
ಜುಲೈ 3, 2005

ವಿಲಿಯಾ,

ಕೇಳಿದೆ. ಒಬ್ಬಳೇ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಗಳು ರೇಡಿಯೋದಲ್ಲಿ ಮಾತಾಡುತ್ತಾಳೆ ಎಂಬ ಜಂಬ ನನಗೆ. ಪೂಜೆ ಮುಗಿಸಿ ನೇರ ಪೆತ್ರೊನೆಲೆಯ ಅಡಿಗೆಮನೆಗೆ ಹೋದೆ, ಅವಳ ರೇಡಿಯೋ ನನ್ನದಕ್ಕಿಂತ ಸ್ಪಷ್ಟ. ಇಬ್ಬರೂ ಮೇಜಿನ ಮೇಲೆ ಸ್ಟ್ರಾಬೆರಿ ಸುರಿದುಕೊಂಡು ತೊಟ್ಟು ಬಿಡಿಸುತ್ತಾ ಕೂತೆವು. ನಿನ್ನ ದನಿ ಬಂದಾಗ ಅವಳು ನನ್ನ ತೊಡೆ ತಟ್ಟಿ, “ಎಂಥಾ ಗತ್ತು ನೋಡೇ!” ಎಂದಳು.

ಮೊದಲು ನೀನು ಮಾಂಸದ ತಮಾಷೆ ಮಾಡಿದೆ. ಹಂದಿಗೆ ‘ಯೆನಾ’ ಸೇರಿಸಿದರೆ ಹಂದಿಮಾಂಸ, ಕೋಳಿಗೆ ಸೇರಿಸಿದರೆ ಕೋಳಿಮಾಂಸ, ನೋರ್ಕುಸ್‌ಗೆ ‘ಯೆನೆ’ ಸೇರಿಸಿದರೆ ಅವನ ಹೆಂಡತಿ, ಎರಡು ಬಾಲವೂ ಒಂದೇ ಮನೆತನದವು ಎಂದೆ. ಸ್ಟುಡಿಯೋದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆತ್ರೊನೆಲೆಯೂ ನಕ್ಕಳು. “ನನ್ನ ಗಂಡ ಇದ್ದಿದ್ರೆ ದಿನಾ ಇದನ್ನೇ ಹೇಳಿ ಹೇಳಿ ನನ್ನ ಪ್ರಾಣ ತೆಗೀತಿದ್ದ,” ಎಂದಳು.

ಆಮೇಲೆ ನಿನ್ನ ದನಿ ಮೆತ್ತಗಾಯಿತು. ನನಗೆ ಮಾತಿಗೆ ಮಾತು ನೆನಪಿದೆ. “ನನ್ನ ಅಮ್ಮ ನೋರ್ಕುತೆ. ನಾನೂ ನೋರ್ಕುತೆ. ಹಾಜರಿ ಕೂಗುವಾಗ ಟೀಚರಿಗೆ ಅಷ್ಟು ಸಾಕಿತ್ತು. ಅಮ್ಮನಿಗೂ ಮಗಳಿಗೂ ಒಂದೇ ‘ತೆ’ ಇದ್ದರೆ ಅಪ್ಪ ಇಲ್ಲ ಎಂದು ಇಡೀ ತರಗತಿಗೆ ತಿಳಿಯುತ್ತಿತ್ತು. ಅಮ್ಮ ಇಂದಿಗೂ ಆ ಬಾಲವನ್ನು ಹೊತ್ತುಕೊಂಡಿದ್ದಾಳೆ.”

ಪೆತ್ರೊನೆಲೆಯ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ರೇಡಿಯೋ ಆರಿಸಿ, ಬೆನ್ನು ತಿರುಗಿಸಿಕೊಂಡು ಕೈ ತೊಳೆಯತೊಡಗಿದಳು. ಎಷ್ಟು ಹೊತ್ತು ತೊಳೆದಳೋ. ನಾನು ಎದ್ದು ಬಂದುಬಿಟ್ಟೆ. ಯಾಕೆ ಎಂದು ಈಗ ಹೇಳುತ್ತೇನೆ, ಇನ್ನು ಮುಚ್ಚಿಡಲು ಏನುಳಿದಿದೆ?

ಈ ಊರಿನಲ್ಲಿ ನಾನು ನೋರ್ಕಿಯೆನೆ. ವಿಧವೆ.

ಮೂರು ವರ್ಷದ ಹಿಂದೆ ಚಿಕ್ಕಮ್ಮ ಬಿಟ್ಟುಹೋದ ಈ ಮನೆಗೆ ಬಂದಾಗ ಇಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಸಾಮಾನು ಇಳಿಸುತ್ತಿರುವಾಗಲೇ ಪೆತ್ರೊನೆಲೆ ರೈ ಬ್ರೆಡ್ಡು ತಂದು ಕೈಗಿಟ್ಟು, ಪೆಟ್ಟಿಗೆಯ ಮೇಲೆ ‘ನೋರ್ಕ್.’ ಎಂದು ಬರೆದದ್ದನ್ನು ನೋಡಿ, “ನೋರ್ಕಿಯೆನೆ ಅಲ್ವಾ ನೀವು? ಒಬ್ಬರೇನಾ? ಅಯ್ಯೋ, ನಿಮ್ಮವರೂ ಹೋಗ್ಬಿಟ್ರಾ?” ಎಂದು ಕೇಳಿದಳು. ಕೂದಲು ಬೆಳ್ಳಗಾದ ಹೆಂಗಸು, ಮಗಳಿದ್ದಾಳೆ, ಇನ್ನೇನೆಂದುಕೊಂಡಾಳು? ನಾನು ಹೂಂ ಎಂದೆ. ಅಷ್ಟೇ ಮಾಡಿದ್ದು. ಅವಳು ನನ್ನನ್ನು ಅಪ್ಪಿಕೊಂಡಳು. ಹುಟ್ಟಿದ ಊರಿನಲ್ಲಿ ಔಷಧದಂಗಡಿಯ ಕಟ್ಟೆಯ ಹಿಂದೆ ಮೂವತ್ತು ವರ್ಷ ನಿಂತೆ, ಯಾರೂ ನನ್ನನ್ನು ಹಾಗೆ ಅಪ್ಪಿಕೊಂಡಿರಲಿಲ್ಲ. ಆಮೇಲೆ ಅಂಚೆಡಬ್ಬಿಗೆ ಫಲಕ ಬರೆಸುವಾಗ ಬಡಗಿಗೂ ಅದೇ ಹೆಸರು ಹೇಳಿದೆ. ಪಿಂಚಣಿ ಅಂಚೆಯಲ್ಲಿ ಬಂದರೆ ಗುಟ್ಟು ಹೊರಬೀಳುತ್ತದೆ ಎಂದು ಬ್ಯಾಂಕಿಗೆ ಹಾಕಿಸಿಕೊಂಡೆ. ನಾನು ನೋರ್ಕಿಯೆನೆ ಆದರೆ ನೀನು ತಾನಾಗಿಯೇ ನೋರ್ಕುಸ್ ಎಂಬ ಮರ್ಯಾದಸ್ಥನ ಮಗಳಾಗುತ್ತಿದ್ದೆ, ಗೊತ್ತಾಯಿತೇ? ನೀನು ಬಿಸಾಡಿದ ‘ತೆ’ಗೆ ನಾನು ಅಪ್ಪನನ್ನು ಒದಗಿಸಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಆ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ತಮ್ಮವರ ಹೆಸರು ಬರೆದು ಫಾದರಿಗೆ ಕೊಡುವಾಗ, ಪೆತ್ರೊನೆಲೆ ಪೆನ್ನು ಹಿಡಿದುಕೊಂಡು, “ನಿನ್ನ ಯಜಮಾನರ ಹೆಸರು ಹೇಳೇ, ಒಟ್ಟಿಗೇ ಕೊಟ್ಟುಬಿಡೋಣ,” ಎಂದಳು. ನನಗೆ ಒಂದು ಸುಳ್ಳು ಹೆಸರೂ ಹೊಳೆಯಲಿಲ್ಲ. ಲ್ಯುದಾಸ್ ಎಂದುಬಿಟ್ಟೆ.

ಹೌದು, ನಿನ್ನ ಅಪ್ಪನ ಹೆಸರೇ. ಪನೆವೆಜಿಸ್ಸಿನಲ್ಲಿ ಹೆಂಡತಿ ಮೊಮ್ಮಕ್ಕಳ ಜೊತೆ ಜೇನು ಸಾಕಿಕೊಂಡು ಗುಂಡುಕಲ್ಲಿನ ಹಾಗಿರುವ ಮನುಷ್ಯನ ಆತ್ಮಶಾಂತಿಗೆ ಈ ಊರಿನ ಚರ್ಚು ಮೂರು ವರ್ಷ ಪ್ರಾರ್ಥನೆ ಮಾಡಿದೆ. ನಾನು ಮುಂದಿನ ಬೆಂಚಿನಲ್ಲಿ ಕಪ್ಪು ಸ್ಕಾರ್ಫು ಕಟ್ಟಿಕೊಂಡು ಕೂತಿರುತ್ತಿದ್ದೆ.

ಈಗ ಹೇಳು, ನಾನು ಈ ಮೆಟ್ಟಿಲು ಯಾವ ಮುಖ ಇಟ್ಟುಕೊಂಡು ಇಳಿಯಲಿ? ಮನೆ ಮಾರಿ ಬೇರೆಲ್ಲಾದರೂ ಹೋಗುತ್ತೇನೆ. ಅರವತ್ತೆರಡು ವರ್ಷಕ್ಕೆ ಒಬ್ಬಳು ಗೆಳತಿ ಸಿಕ್ಕಿದ್ದಳು. ಅವಳನ್ನೂ ನೀನು ರೇಡಿಯೋದಲ್ಲಿ ಕಳೆದೆ.

ಅಮ್ಮ


ಉಪ್ಸಾಲಾ
ಜುಲೈ 14, 2005

ಅಮ್ಮ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಏನು ಬರೆಯಲಿ ಎಂದು ತೋಚುತ್ತಿಲ್ಲ. ತಪ್ಪಾಯಿತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಾತು ಆಡುತ್ತಿದ್ದೆನೇ?

ಮನೆ ಮಾರಬೇಡ. ಒಂದು ದಾರಿ ಇದೆ. ನೀನೂ ಅರ್ಜಿ ಕೊಟ್ಟು ನೋರ್ಕೆ ಆಗಿಬಿಡು. ಈಗ ಯಾರು ಬೇಕಾದರೂ ಆಗಬಹುದು. ಆಮೇಲೆ ನೀನು ಮದುವೆಯಾದವಳೋ ಅಲ್ಲವೋ ಎಂದು ಹೆಸರು ನೋಡಿ ಯಾರೂ ಹೇಳಲಾರರು. ಅದಕ್ಕೇ ಅಲ್ಲವೇ ಆ ಬಾಲ ಹುಟ್ಟಿದ್ದು? ಅಮ್ಮ ಮಗಳು ಇಬ್ಬರಿಗೂ ಒಂದೇ ಹೆಸರು ಇರುತ್ತದೆ, ಈ ಸಲ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅರ್ಜಿಯ ಕೆಲಸವೆಲ್ಲ ನಾನೇ ನೋಡಿಕೊಳ್ಳುತ್ತೇನೆ.

ಪೆತ್ರೊನೆಲೆ ಒಳ್ಳೆಯವರು. ತಪ್ಪು ತಿಳಿಯಲಾರರು. ಇಪ್ಪತ್ತೊಂದನೆಯ ಶತಮಾನ ಅಮ್ಮ ಇದು.

ವಿಲಿ


ಪ್ಲುಂಗೆ
ಆಗಸ್ಟ್ 2, 2005

ವಿಲಿಯಾ,

ನಿನ್ನ ಶತಮಾನ ನಿನ್ನ ಹತ್ತಿರವೇ ಇರಲಿ. ನಮ್ಮ ಮೆಟ್ಟಿಲ ತನಕ ಅದು ಇನ್ನೂ ಬಂದಿಲ್ಲ.

ನೋರ್ಕೆ ಆಗುವುದಿಲ್ಲ. ಇದುವರೆಗೆ ದೊಡ್ಡ ಬಾಲದ ಹಿಂದೆ ಅವಿತುಕೊಂಡಿದ್ದೆ, ಇನ್ನು ಗಿಡ್ಡ ಬಾಲದ ಹಿಂದೆ ಅವಿತುಕೋ ಎನ್ನುತ್ತೀಯ. ಊರಿಗೆಲ್ಲ ವಿಷಯ ತಿಳಿದ ಮೇಲೆ ಹೆಸರು ಗೀಚಿ ಹಾಕಿದರೆ ಮಕ್ಕಳೂ ನಗುತ್ತಾರೆ.

ಬ್ರೆಡ್ಡಿಗೆ ಬಸ್ ನಿಲ್ದಾಣದಾಚೆಯ ಅಂಗಡಿಗೆ ಹೋಗುತ್ತಿದ್ದೇನೆ. ಹತ್ತಿರದ ಅಂಗಡಿಯವಳು ಚಿಲ್ಲರೆ ಕೊಡುವಾಗ “ತಗೊಳ್ಳಿ, ನೋರ್ಕಿಯೆನೆ,” ಎಂದು ಸ್ವಲ್ಪ ಎಳೆದು ಹೇಳಿದಳು. ಅವಳು ಮೊದಲೂ ಹಾಗೇ ಎಳೆಯುತ್ತಿದ್ದಳೋ ಏನೋ. ನನ್ನ ಕೆನ್ನೆ ಕಾದುಹೋಯಿತು. ಪೆತ್ರೊನೆಲೆ ನನ್ನ ಜಾಮ್ ಪಾತ್ರೆಯನ್ನು ತೊಳೆದು ಬಾಗಿಲ ಮುಂದೆ ಇಟ್ಟು ಹೋಗಿದ್ದಾಳೆ. ಬಾಗಿಲು ತಟ್ಟಲಿಲ್ಲ. ತಣ್ಣನೆಯ ಬೀಟ್ರೂಟ್ ಸೂಪು ಮಾಡಿದಾಗೆಲ್ಲ ಅರ್ಧ ಅವಳ ಮನೆಗೆ ಹೋಗುತ್ತಿತ್ತು. ಈಗ ಮೂರು ದಿನ ಅದನ್ನೇ ತಿನ್ನುತ್ತೇನೆ.

ನಿನಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಈಸ್ಟರಿಗೆ ಬಂದಾಗ ನೀನು ಅದೇ ಮೆಟ್ಟಿಲು ಹತ್ತಿ ಬಂದೆ, ಮೂರು ದಿನ ಹತ್ತಿ ಇಳಿದೆ. ಅಂಚೆಡಬ್ಬಿ ಇರುವುದು ಮೆಟ್ಟಿಲ ಬುಡದಲ್ಲಿ. ಬಡಗಿ ಅಕ್ಷರಗಳನ್ನು ಸಣ್ಣಗೆ ಬರೆದಿಲ್ಲ. ಬಾಲಗಳನ್ನು ಓದುವುದೇ ನಿನ್ನ ಕೆಲಸ.

ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ?

ಅಮ್ಮ


ಉಪ್ಸಾಲಾ
ಸೆಪ್ಟೆಂಬರ್ 11, 2005

ಅಮ್ಮ,

ಈ ಪತ್ರವನ್ನು ಬರೆದು ಬರೆದು ಹರಿದಿದ್ದೇನೆ. ಉತ್ತರ ತಡವಾದದ್ದಕ್ಕೆ ಬೇರೆ ಕಾರಣವಿಲ್ಲ.

ನೋಡಿದ್ದೆ.

ಮೊದಲ ದಿನವೇ, ಸೂಟ್‌ಕೇಸ್ ಕೆಳಗಿಟ್ಟು ಉಸಿರು ಬಿಡುವಾಗ ಕಣ್ಣಿಗೆ ಬಿತ್ತು. ‘ಸ್ಟೆ. ನೋರ್ಕಿಯೆನೆ’. ಮೊದಲು ಬಡಗಿಯ ತಪ್ಪು ಎಂದುಕೊಂಡೆ. ಮೇಲೆ ಹತ್ತುವಷ್ಟರಲ್ಲಿ ತಪ್ಪಲ್ಲ ಎಂದು ಗೊತ್ತಾಗಿತ್ತು. ಪೆತ್ರೊನೆಲೆ ಮೀನು ಕೊಡುತ್ತಾ, “ನಿಮ್ಮಪ್ಪ ಇದ್ದಿದ್ರೆ ನಿನ್ನ ನೋಡಿ ಎಷ್ಟು ಖುಷಿಪಡ್ತಿದ್ರೋ,” ಎಂದಾಗ ಎಲ್ಲವೂ ಅರ್ಥವಾಯಿತು. ನಾನು ತಲೆಯಾಡಿಸಿದೆ. ನಿನ್ನ ಸುಳ್ಳಿಗೆ ಸಾಕ್ಷಿ ಹಾಕಿಯೇ ಬಂದೆ. ನಾನು ಹೆಸರು ಬದಲಾಯಿಸಿದ್ದನ್ನು ನಿನಗೆ ಹೇಳದೆ ಹೋದದ್ದಕ್ಕೂ ಅದೇ ಕಾರಣ. ನಾನು ಕಿತ್ತುಹಾಕಿದ್ದನ್ನು ನೀನು ಅಷ್ಟು ಆಸೆಯಿಂದ ಅಂಚೆಡಬ್ಬಿಗೆ ಬರೆಸಿಕೊಂಡಿದ್ದೆ.

ಮೂರನೆಯ ದಿನ ವಿಲ್ನಿಯಸ್ಸಿಗೆ ಹೋದೆ. ಸ್ಟುಡಿಯೋದಲ್ಲಿ ಮಾಂಸದ ತಮಾಷೆಗೆ ಎಲ್ಲರೂ ನಕ್ಕರು. ನಡೆಸಿಕೊಡುವವನು ಕಣ್ಣೊರೆಸಿಕೊಂಡು, “ಇದೆಲ್ಲ ತಮಾಷೆ ಆಯ್ತು ಮೇಡಂ, ಆದ್ರೆ ಯಾರಿಗಾದ್ರೂ ಇದ್ರಿಂದ ನೋವಾಗಿದೆಯಾ?” ಎಂದ. ನನ್ನ ಹತ್ತಿರ ಪುಸ್ತಕದ ಉದಾಹರಣೆಗಳು ಬೇಕಾದಷ್ಟಿದ್ದವು. ಅವು ಸಪ್ಪೆಯಾಗಿ ಕೇಳಿಸುತ್ತವೆ ಎನಿಸಿತು. ನೀನು ನೆನಪಾದೆ. ಆ ಕ್ಷಣದಲ್ಲಿ ಅಂಚೆಡಬ್ಬಿಯೂ ನೆನಪಾಯಿತು ಅಮ್ಮ. ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಪ್ಲುಂಗೆಯಲ್ಲಿ ಯಾರು ಕೇಳುತ್ತಾರೆ ಎಂದುಕೊಂಡೆ. ಮಾತು ಮುಗಿಯಿತು. ಎಲ್ಲರ ಮನಸ್ಸು ಕರಗಿತ್ತು. ನನಗೆ ಹೆಮ್ಮೆಯಾಯಿತು.

ಆಮೇಲೆ ನಿನಗೆ ಕೇಳಲು ಹೇಳಿದ್ದೂ ನಾನೇ. ಚೆನ್ನಾಗಿ ಮಾತಾಡಿದ್ದೇನೆ ಎಂದು ನಿನ್ನಿಂದ ಅನಿಸಿಕೊಳ್ಳುವ ಆಸೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತಿದೆ. ಹೆಂಗಸರನ್ನು ಹೆಸರಿನ ಬಾಲದಲ್ಲಿ ಅಳೆಯುವವರ ಮೇಲೆ ಆರು ವರ್ಷದಿಂದ ಬರೆಯುತ್ತಿದ್ದೇನೆ. ಕೊನೆಗೆ ಊರ ಮುಂದೆ ನಿನ್ನನ್ನು ಆ ಬಾಲ ಹಿಡಿದು ಎತ್ತಿ ತೋರಿಸಿದವಳು ನಾನೇ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ. ಬೈದಾದರೂ ಒಂದು ಸಾಲು ಬರೆ.

ವಿಲಿ


ಪ್ಲುಂಗೆ
ಅಕ್ಟೋಬರ್ 9, 2005

ಕುಮಾರಿ ವಿಲಿಯಾ ಅವರಿಗೆ,

ಎದುರು ಬಾಗಿಲಿನ ಪೆತ್ರೊನೆಲೆ ಬರೆಯುವುದು. ಅಮ್ಮ ಉತ್ತರ ಕೊಡುತ್ತಿಲ್ಲ, ಏನಾಗಿದೆ ನೋಡಿ ಎಂದು ನೀವು ನನಗೆ ಕಾರ್ಡು ಹಾಕಿದಿರಿ. ನೋಡಿದೆ. ಚೆನ್ನಾಗಿದ್ದಾಳೆ. ಮಳೆಯಲ್ಲಿ ಒಬ್ಬಳೇ ಅಣಬೆಗೆ ಹೋಗುತ್ತಾಳೆ, ಒದ್ದೆಯಾಗಿ ಬಂದು ಕೆಮ್ಮುತ್ತಾಳೆ. ಗೋಡೆಯಾಚೆಯಿಂದ ಕೇಳಿಸುತ್ತದೆ. ನಾನು ಅವಳ ಜೊತೆ ಮಾತು ಬಿಟ್ಟಿದ್ದೇನೆ, ಆದ್ದರಿಂದ ಕಷಾಯ ಕುಡಿ ಎಂದು ಹೇಳಲು ಬರುವುದಿಲ್ಲ. ನೀವೇ ಬರೆದು ಹೇಳಿ.

ಮದುವೆಯಿಲ್ಲದೆ ಹೆತ್ತಳು ಎಂದು ನಾನು ಮಾತು ಬಿಟ್ಟೆ ಎಂದು ಅವಳು ತಿಳಿದಿರಬಹುದು, ನೀವೂ ತಿಳಿದಿರಬಹುದು. ನನ್ನ ತಂಗಿಯೇ ಹಾಗೆ ಹೆತ್ತಳು. ಆ ಮಗುವಿಗೆ ಸ್ನಾನ ಮಾಡಿಸಿ ಬೆಳೆಸಿದವಳು ನಾನು. ನನ್ನ ಸಂಕಟ ಅದಲ್ಲ.

ನನ್ನ ಯೂಸ್ತಿನಾಸ್ ಹೋಗಿ ಐದು ವರ್ಷವಾಯಿತು. ಅವನ ವಿಷಯ ಮಕ್ಕಳ ಹತ್ತಿರ ಮಾತಾಡಿದರೆ, ಸಾಕಮ್ಮ, ಎಷ್ಟು ಸಲ ಹೇಳುತ್ತೀಯ ಎನ್ನುತ್ತಾರೆ. ನಿಮ್ಮ ಅಮ್ಮನ ಹತ್ತಿರ ಮಾತ್ರ ಎಲ್ಲಾ ಹೇಳಿಕೊಂಡೆ. ಕೊನೆಯ ದಿನಗಳಲ್ಲಿ ಅವನನ್ನು ಎತ್ತಿ ಕೂರಿಸುತ್ತಿದ್ದದ್ದು, ಒಂದು ದಿನ ಸಿಟ್ಟು ಬಂದು ನಾನು ಅವನ ಮೇಲೆ ಕಿರುಚಿದ್ದು, ಅದನ್ನು ಫಾದರಿಗೂ ಹೇಳಿಲ್ಲ. ಅವಳು ನನ್ನ ಜೊತೆ ಅತ್ತಳು. ನನ್ನ ಲ್ಯುದಾಸ್‌ಗೂ ಹೀಗೇ ಆಗಿತ್ತು ಎಂದಳು. ನಾನು ನನ್ನ ಗಂಡನಿಗೆ ಅಳುತ್ತಿದ್ದಾಗ ಅವಳು ನನ್ನ ಎದುರು ಕೂತು ಇಲ್ಲದವನಿಗೆ ಅಳುತ್ತಿದ್ದಳು. ಇದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ನಿಮ್ಮ ಮಾಂಸದ ತಮಾಷೆ ಚೆನ್ನಾಗಿತ್ತು. ಉಳಿದದ್ದು ಚೆನ್ನಾಗಿರಲಿಲ್ಲ.

ಪೆತ್ರೊನೆಲೆ ಕುಬಿಲಿಯೆನೆ


ಪ್ಲುಂಗೆ
ನವೆಂಬರ್ 3, 2005

ವಿಲಿ,

ಕಷಾಯ ಕುಡಿದೆ. ಕೆಮ್ಮು ಕಡಿಮೆಯಾಗಿದೆ. ಪೆತ್ರೊನೆಲೆಯ ಮಾತುಗಳನ್ನು ನೀನು ನನಗೆ ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಅವಳ ಬಾಗಿಲಿಗೂ ನನ್ನದಕ್ಕೂ ನಡುವೆ ನಾಲ್ಕು ಹೆಜ್ಜೆ, ಆ ಮಾತು ಸ್ವೀಡನ್ನಿಗೆ ಹೋಗಿ ಬರಬೇಕಾಯಿತು.

ನಿನ್ನ ಸೆಪ್ಟೆಂಬರಿನ ಪತ್ರಕ್ಕೆ ಏನು ಹೇಳಲಿ? ನೀನು ಮಾಡಿದ್ದು ತಪ್ಪೇ. ಬೇಗ ಮರೆಯುವುದಿಲ್ಲ, ಮರೆತೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಪೆತ್ರೊನೆಲೆಯ ಮಾತು ಓದಿದ ದಿನದಿಂದ ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ಪುರುಸೊತ್ತಾಗಿಲ್ಲ. ಇಷ್ಟು ವರ್ಷ ನಿನ್ನನ್ನು ಹೆತ್ತದ್ದಕ್ಕೆ ತಲೆ ತಗ್ಗಿಸಿಕೊಂಡು ನಡೆದೆನಲ್ಲ, ಎಂಥಾ ಪೆದ್ದಿ ನಾನು. ನಿನ್ನನ್ನು ಹೆತ್ತದ್ದರಲ್ಲಿ ನಾಚಿಕೆ ಏನಿತ್ತು? ನಾಚಿಕೆಪಡುವ ಕೆಲಸವನ್ನು ನಾನು ಮಾಡಿದ್ದು ಅವಳ ಅಡಿಗೆಮನೆಯಲ್ಲಿ ಕೂತು. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ.

ಮೊದಲು ಫಾದರ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು, ಹೊಸಬರು. ಸತ್ತವರ ಹೆಸರು ಬರೆದುಕೊಳ್ಳುತ್ತಾ ಕೂತಿದ್ದರು.

“ಫಾದರ್, ಒಂದು ಹೆಸರು ತೆಗೀಬೇಕಿತ್ತು.”

“ತೆಗೆಯೋದಾ? ಎಲ್ಲರೂ ಸೇರಿಸೋಕೆ ಬರ್ತಾರಮ್ಮ. ಯಾಕೆ ತೆಗೀಬೇಕು?”

“ಅವರು ಬದುಕಿದಾರೆ.”

ಫಾದರ್ ಪೆನ್ನು ಕೆಳಗಿಟ್ಟರು. “ಯಾವಾಗಿಂದ?”

“ಮೊದಲಿಂದಲೂ.”

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಭುಜ ಅಲುಗಿತು. ಆಮೇಲೆ ಮುಖ ಗಂಟುಹಾಕಿಕೊಂಡು, “ಪ್ರಾರ್ಥನೆ ದಂಡ ಆಗಲ್ಲ ಬಿಡಿ. ಅವರು ಹೋಗುವಾಗ ಬೇಕಾಗುತ್ತೆ,” ಎಂದರು. ನನಗೆ ನಗು ಬರಲಿಲ್ಲ. ಭೂಮಿ ಬಾಯ್ಬಿಡಬಾರದೇ ಎನಿಸುತ್ತಿತ್ತು. ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, “ಇದನ್ನ ನನಗೆ ಹೇಳಿದ್ರೆ ಅರ್ಧ ಆಯ್ತು. ಇನ್ನರ್ಧ ಯಾರಿಗೆ ಹೇಳ್ಬೇಕು ಅಂತ ನಿಮಗೇ ಗೊತ್ತಿದೆ,” ಎಂದು ಕಳಿಸಿಬಿಟ್ಟರು.

ಮೊನ್ನೆ ಮಧ್ಯಾಹ್ನ ಸ್ಮಶಾನಕ್ಕೆ ಹೋದೆ. ಊರೆಲ್ಲ ಅಲ್ಲೇ ಇತ್ತು. ಎಲ್ಲರೂ ಸೇವಂತಿಗೆ ಕುಂಡ ಹೊತ್ತುಕೊಂಡು, ಗೋರಿಗಳ ಮೇಲಿನ ಎಲೆ ಗುಡಿಸುತ್ತಾ, ದೀಪ ಜೋಡಿಸುತ್ತಾ ಇದ್ದರು. ಮೂರು ವರ್ಷವೂ ನಾನು ದೂರದೂರಿನಲ್ಲಿ ಮಣ್ಣಾದವರಿಗೆ ದೀಪ ಹಚ್ಚುವ ದೊಡ್ಡ ಶಿಲುಬೆಯ ಹತ್ತಿರ ಹೋಗಿ ಲ್ಯುದಾಸ್‌ಗೆ ಹಚ್ಚುತ್ತಿದ್ದೆ. ಈ ಸಲ ಅತ್ತ ತಿರುಗಲಿಲ್ಲ. ನೇರ ಯೂಸ್ತಿನಾಸ್ ಗೋರಿಗೆ ಹೋದೆ. ಪೆತ್ರೊನೆಲೆ ಮೊಣಕಾಲೂರಿ ಗೋರಿಯ ಮೇಲಿನ ಮರಳಿಗೆ ಕುಂಟೆಯಿಂದ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಪೆತ್ರೊನೆಲೆ, ನಾನು ಸುಳ್ಳು ಹೇಳಿದ್ದೆ,” ಎಂದೆ.

“ಗೊತ್ತು. ರೇಡಿಯೋದಲ್ಲಿ ಬಂತು.”

“ನಿನ್ನ ಮುಂದೆ ಬಂದು ನಾನೇ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು.” ಅವಳು ಒಂದು ಗೆರೆ ಎಳೆದಳು, ಸೊಟ್ಟಗಾಯಿತು. ಕುಂಟೆ ಬಿಸಾಡಿದಳು. “ನಿಂಗೆ ಗಂಡ ಇದ್ನೋ ಇಲ್ವೋ, ಅದು ಕಟ್ಕೊಂಡು ನಂಗೇನಾಗ್ಬೇಕು? ಆದ್ರೆ ನನ್ ಜೊತೆ ಕೂತ್ಕೊಂಡು ಅತ್ತೆಯಲ್ಲೇ. ಮೂಗು ಸೋರಿಸ್ಕೊಂಡು ಅತ್ತೆ. ಅದೂ ನಾಟಕಾನಾ? ಹೇಳು, ಇವನ ಮುಂದೇನೇ ಹೇಳು.”

“ಗಂಡ ಸುಳ್ಳು. ಅಳು ಸುಳ್ಳಲ್ಲ.”

“ಯಾರಿಗೆ ಅಳ್ತಿದ್ದೆ ಹಾಗಾದ್ರೆ? ಸಾಯದೇ ಇರೋನಿಗಾ?”

ವಿಲಿ, ನಿನಗೂ ನಾನು ಇದನ್ನು ಯಾವತ್ತೂ ಹೇಳಿಲ್ಲ. ನೀನು ಚಿಕ್ಕವಳಿದ್ದಾಗ ಅಪ್ಪನ ಬಗ್ಗೆ ಕೇಳಿದರೆ, ಹೊಲಕ್ಕೆ ಕಾಲುವೆ ತೋಡಿಸಲು ಬಂದಿದ್ದ ಎಂಜಿನಿಯರು, ಹೋದ ಎನ್ನುತ್ತಿದ್ದೆ. ಪೀಡೆ ತೊಲಗಿತು ಎಂಬ ಹಾಗೆ ಹೇಳುತ್ತಿದ್ದೆ. ನೀನು ಅದನ್ನೇ ನಂಬಿದೆ.

ನಾನು ಪೆತ್ರೊನೆಲೆಗೆ ಹೇಳಿದೆ: “ಹೌದು, ಅವನಿಗೇ. ಅವನನ್ನ ಕಂಡ್ರೆ ನಂಗೆ ಜೀವ ಆಗಿತ್ತು. ಅವನು ಸತ್ತಿದ್ರೆ ಊರೆಲ್ಲ ಬಂದು ಪಕ್ಕದಲ್ಲಿ ಕೂತ್ಕೊಳ್ತಿತ್ತು. ಬಿಟ್ಟು ಹೋದ, ಅದಕ್ಕೆ ನೀನೇ ಮಾಡ್ಕೊಂಡಿದ್ದು ಅನುಭವಿಸು ಅಂದ್ರು. ಪಕ್ಕದ ಮನೆಗೆ ಕೇಳುತ್ತೆ ಅಂತ ಅಮ್ಮ ನನ್ನ ಬಾಯಿಗೆ ಟವೆಲ್ ಒತ್ತಿದ್ಲು. ಮದುವೆಯಾಗದೋಳಿಗೆ ಅಳೋದಕ್ಕೂ ಹಕ್ಕಿರಲಿಲ್ಲ ಪೆತ್ರೊನೆಲೆ. ನೀನು ನನ್ನನ್ನ ವಿಧವೆ ಅಂದ್ಕೊಂಡು ಕೈ ಹಿಡ್ಕೊಂಡೆ. ‘ಅತ್ತುಬಿಡೇ’ ಅಂದೆ. ಅದಕ್ಕೇ ಅತ್ತೆ. ನಿನ್ನ ಯೂಸ್ತಿನಾಸ್‌ನ ನೆಪ ಮಾಡ್ಕೊಂಡು ಅತ್ತಿದ್ದು ತಪ್ಪು. ಆದ್ರೆ ಅತ್ತಿದ್ದು ನಾನೇ.”

ಅವಳು ಬಗ್ಗಿದಳು. ಕುಂಟೆ ಎತ್ತಿಕೊಂಡು ಸೊಟ್ಟ ಗೆರೆಯನ್ನು ಅಳಿಸಿ ಮತ್ತೆ ಎಳೆದಳು, ಗೋರಿಯ ಈ ತುದಿಯಿಂದ ಆ ತುದಿಯವರೆಗೆ. ನಾನು ನಿಂತೇ ಇದ್ದೆ. ಹೋಗು ಎಂದಿದ್ದರೆ ಹೋಗುತ್ತಿದ್ದೆ, ಮನೆಯನ್ನೂ ಮಾರುತ್ತಿದ್ದೆ. ಸುತ್ತಲಿನವರು ತಮ್ಮ ತಮ್ಮ ಹೂವು ಸರಿಪಡಿಸುವ ಹಾಗೆ ಮಾಡುತ್ತಾ ಕಿವಿಯನ್ನೆಲ್ಲ ಇಲ್ಲಿಗೇ ಕೊಟ್ಟಿದ್ದರು.

“ಎಲ್ಲಿದಾನೆ ಈಗ?”

“ಪನೆವೆಜಿಸ್ಸಲ್ಲಿ. ಜೇನು ಸಾಕ್ತಾನೆ.”

“ಹಾಳಾದೋನು. ಮೂರು ವರ್ಷ ಅವನ ಆತ್ಮಕ್ಕೆ ಮೊಣಕಾಲು ನೋಯಿಸ್ಕೊಂಡಿದೀನಿ ನಾನು.” ಅವಳು ಎದ್ದು ಲಂಗಕ್ಕೆ ಹತ್ತಿದ ಮರಳು ಕೊಡವಿದಳು. “ನಿನ್ನ ಮೇಲಿನ ಸಿಟ್ಟು ನಂಗೆ ಹೋಗಿಲ್ಲ, ತಿಳ್ಕೋ.”

“ತಿಳ್ಕೊಂಡೆ.”

ಅವಳು ಖಾಲಿ ನೀರಿನ ಕ್ಯಾನ್ ನನ್ನ ಕಾಲ ಬಳಿ ತಳ್ಳಿದಳು. ನಾನು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ಆದರೂ ಅವಳು ಇಡೀ ಸ್ಮಶಾನಕ್ಕೆ ಕೇಳುವ ಹಾಗೆ ಕೂಗಿದಳು:

“ನೋರ್ಕುತೆ! ನಿಂತ್ಕೊಂಡು ಏನ್ ನೋಡ್ತಿದೀಯ? ಹೂವಿಗೆ ನೀರು ಬೇಡ್ವಾ? ಹೋಗಿ ತಗೊಂಬಾ!”

ಎಲ್ಲರೂ ತಿರುಗಿ ನೋಡಿದರು. ಅಂಗಡಿಯವಳು ನೋಡಿದಳು, ಬಡಗಿ ನೋಡಿದ, ಫಾದರ್ ನೋಡಿದರು. ನಲ್ಲಿ ಇರುವುದು ಗೇಟಿನ ಹತ್ತಿರ, ಅಲ್ಲಿಗೆ ಹೋಗಲು ಎಲ್ಲರ ಮುಂದೆಯೇ ದಾಟಿ ಹೋಗಬೇಕು. ಕಿವಿ, ಕುತ್ತಿಗೆಯೆಲ್ಲ ಸುಡುತ್ತಿತ್ತು. ಕ್ಯಾನ್ ತುಂಬಿಸಿಕೊಂಡು ಅದೇ ದಾರಿಯಲ್ಲಿ ವಾಪಸು ಬಂದೆ. ಯಾರೋ ಒಬ್ಬಳು “ನಮಸ್ಕಾರ, ನೋರ್ಕುತೆ,” ಎಂದಳು. ನಾನೂ ನಮಸ್ಕಾರ ಎಂದೆ.

ಪೆತ್ರೊನೆಲೆ ನನ್ನ ಮುಖ ನೋಡದೆ ಕ್ಯಾನ್ ತೆಗೆದುಕೊಂಡು ಹೂವಿನ ಕುಂಡಗಳಿಗೆಲ್ಲ ಸುರಿದಳು. ಬಗ್ಗಿಸಿ ನೋಡಿ, ಖಾಲಿ ಕ್ಯಾನನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

“ಸಾಲಲ್ಲ. ಇನ್ನೊಂದು ತಾ,” ಎಂದಳು.

ಮತ್ತೆ ಹೋದೆ.

ಅಮ್ಮ